ಆಲ್ಪ್ಸ್‌ನಲ್ಲಿ ಕಾರು ಪ್ರವಾಸ: ಕೋಟೆ ಕಡಿಮೆ ಮಾಡಿ, ದಾರಿಗೆ ಟೈಮ್ ಕೊಡಿ

ಹೇಮಾವತಿ_ದಡ
ಸೆಪ್ಟೆಂಬರ್‌ನಲ್ಲಿ ನಾನೂ ನಮ್ಮವರೂ ಕಾರಿನಲ್ಲಿ ಸುತ್ತಿ ಬಂದ ದಾರಿಯನ್ನು ವಿವರವಾಗಿ ಹಾಕಿ ಅಂತ ಸುಮಾರು ಜನ ಕೇಳಿದ್ದಿರಿ. ಇಗೋ, ಹಾಕಿದ್ದೇನೆ.

ಮ್ಯೂನಿಕ್‌ನಿಂದ ಫ್ಯೂಸೆನ್. ಅಲ್ಲಿಂದ ರಾಯ್ಟೆ ಮೇಲೆ ಲಿಂಡರ್‌ಹೋಫ್, ಮಿಟ್ಟೆನ್‌ವಾಲ್ಡ್, ಇನ್ಸ್‌ಬ್ರುಕ್. ಬ್ರೆನ್ನರ್ ಘಾಟಿ ದಾಟಿದರೆ ಇಟಲಿ. ಆ ಕಡೆ ಸ್ಟರ್ಟ್ಸಿಂಗ್, ಬ್ರಿಕ್ಸೆನ್, ಬೋಲ್ಜಾನೊ. ಆಮೇಲೆ ಡೋಲೊಮೈಟ್ಸ್ ಬೆಟ್ಟಗಳ ನಡುವೆ ಹಾದು ಮತ್ತೆ ಆಸ್ಟ್ರಿಯಾದ ಲಿಯೆಂಟ್ಸ್. ಅಲ್ಲಿಂದ ಗ್ರೋಸ್‌ಗ್ಲಾಕ್ನರ್ ರಸ್ತೆ ಹತ್ತಿ ಇಳಿದು ವೆರ್ಫೆನ್, ಸಾಲ್ಜ್‌ಬರ್ಗ್, ವಾಪಸ್ ಮ್ಯೂನಿಕ್. ಪೂರ್ತಿ ಒಂದು ಸುತ್ತು. ಹೋದ ದಾರಿಯಲ್ಲೇ ವಾಪಸ್ ಬರುವ ಗೋಳಿಲ್ಲ.

ಉದ್ದ ಓದಲು ಪುರಸೊತ್ತಿಲ್ಲದವರಿಗೆ ಮುಖ್ಯ ಮಾತು ಮೊದಲೇ ಹೇಳಿಬಿಡುತ್ತೇನೆ. ಟಿಕೆಟ್ ತೆಗೆದುಕೊಂಡು ಒಳಗೆ ಹೋಗಿ ನೋಡುವ ಕೋಟೆ ಎರಡೋ ಮೂರೋ ಸಾಕು. ಮಿಕ್ಕಿದ್ದನ್ನು ಎದುರುಗಡೆಯ ಗುಡ್ಡದಿಂದ ನೋಡಿ. ಇವನ್ನು ಎಲ್ಲಿ ಕಟ್ಟಿದ್ದಾರೆ ಅನ್ನುವುದೇ ಅರ್ಧ ಸೊಗಸು. ಒಳಗೆ ನಿಂತರೆ ಅದೇ ಕಾಣುವುದಿಲ್ಲ. ಆ ಟೈಮನ್ನು ದಾರಿಗೆ ಕೊಡಿ, ಸಣ್ಣ ಊರುಗಳಿಗೆ ಕೊಡಿ.

ಮೊದಲು ಎಲ್ಲರೂ ಕೇಳುವ, ಫ್ಯೂಸೆನ್ ಹತ್ತಿರದ ನೊಯ್‌ಶ್ವಾನ್‌ಸ್ಟೈನ್ ಕೋಟೆ. ಟಿಕೆಟ್ ಮುಂಚೆಯೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ. ಅದರಲ್ಲಿ ನಿಮಿಷ ಸಮೇತ ಟೈಮ್ ಇರುತ್ತದೆ. ತಪ್ಪಿದರೆ ಒಳಗೆ ಬಿಡುವುದಿಲ್ಲ, ಅತ್ತು ಕರೆದರೂ ಅಷ್ಟೇ. ಕೆಳಗಿನ ಪಾರ್ಕಿಂಗ್‌ನಿಂದ ಮೇಲಕ್ಕೆ ನಡೆಯಲು ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಒಳಗಿನ ಪ್ರವಾಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಫೋಟೋ ತೆಗೆಯುವ ಹಾಗಿಲ್ಲ. ಬವೇರಿಯಾದ ರಾಜ ಎರಡನೇ ಲುಡ್ವಿಗ್ ಇದನ್ನು 1869ರಲ್ಲಿ ಕಟ್ಟಿಸಲು ಶುರು ಮಾಡಿದ. 1886ರಲ್ಲಿ ಅವನು ಸತ್ತಾಗ ಇನ್ನೂ ಮುಗಿದಿರಲಿಲ್ಲ. ಸಿಂಹಾಸನದ ಕೋಣೆ ಇದೆ, ಚಿನ್ನದ ಬಣ್ಣ, ಮೊಸಾಯಿಕ್ ನೆಲ ಎಲ್ಲ ಇದೆ. ಸಿಂಹಾಸನ ಮಾತ್ರ ಬರಲೇ ಇಲ್ಲ.

ನನಗೆ ಇಷ್ಟವಾದದ್ದು ಕೊನೆಯಲ್ಲಿ ಸಿಗುವ ಅಡುಗೆಮನೆ. ಮಾಂಸ ಸುಡುವ ಸರಳು ತಾನಾಗೇ ತಿರುಗುತ್ತಿತ್ತಂತೆ. ಒಲೆಯ ಬಿಸಿಗಾಳಿ ಮೇಲೇರಿ ಒಂದು ಚಕ್ರವನ್ನು ತಿರುಗಿಸುತ್ತದೆ, ಆ ಚಕ್ರ ಸರಳನ್ನು ತಿರುಗಿಸುತ್ತದೆ. ಬೆಂಕಿ ಜೋರಾದರೆ ಸರಳೂ ಜೋರಾಗಿ ತಿರುಗುತ್ತದೆ, ಹಾಗಾಗಿ ಸೀಯುವುದಿಲ್ಲ. ನಮ್ಮ ಗೈಡ್ ಇದನ್ನು ಎರಡೇ ಮಾತಿನಲ್ಲಿ ಮುಗಿಸಿ ಎಲ್ಲರನ್ನೂ ಅಂಗಡಿ ಕಡೆ ಕಳಿಸಿದರು. ನಾವು ಅಲ್ಲೇ ನಿಂತು ನೋಡಿದೆವು.

ಕ್ಯಾಲೆಂಡರ್‌ಗಳಲ್ಲಿ ನೋಡುತ್ತೀರಲ್ಲ, ಆ ಫೋಟೋ ಸಿಗುವುದು ಮರೀಯೆನ್‌ಬ್ರುಕೆ ಸೇತುವೆಯಿಂದ. ಕೆಳಗೆ ಪೊಲ್ಲಾಟ್ ಕಮರಿ. ಹತ್ತು ಗಂಟೆ ದಾಟಿದರೆ ಸೇತುವೆಗೇ ಕ್ಯೂ.

ಮುಂದಿನ ಭಾಗ ಊಟ ಆದ ಮೇಲೆ ಬರೆಯುತ್ತೇನೆ.

ದುರ್ಗದ_ಬಂಡೆ
ಅಕ್ಕಾ, ಬೇಜಾರು ಮಾಡ್ಕೋಬೇಡಿ. ನೊಯ್‌ಶ್ವಾನ್‌ಸ್ಟೈನ್ ಕೋಟೆಯೇ ಅಲ್ಲ. ಒಂದು ಯುದ್ಧ ನೋಡಿಲ್ಲ, ಒಂದು ಮುತ್ತಿಗೆ ನೋಡಿಲ್ಲ. ಏಳು ಸುತ್ತಿನ ಕೋಟೆಯ ನೆರಳಲ್ಲಿ ಬೆಳೆದ ನನಗೆ ಅದು ಸುಮ್ನೆ ಶೋಕಿ ಅನ್ನಿಸಿತು. ತೋಪಿಗೆ ಜಾಗ ಇಲ್ಲ, ನೀರು ಹಿಡಿದಿಡಲು ಹೊಂಡ ಇಲ್ಲ. ಅದಕ್ಕೆ ಅಷ್ಟು ಜನ ಯಾಕೆ ಮುಗಿಬೀಳುತ್ತಾರೋ.

ಸ್ಟೇರಿಂಗ್_ಸ್ವಾಮಿ
ಮೇಲೆ ಬರೆದವರ ಗಂಡ ನಾನೇ. ಬಂಡೆಯವರೇ, ನೀವು ಹೇಳಿದ್ದು ಸರಿ, ಆದರೆ ಅದಕ್ಕೇ ಅದು ನನಗೆ ಇಷ್ಟ. ಆ ಕಟ್ಟಡದ ಮೊದಲ ಚಿತ್ರಗಳನ್ನು ಬರೆದವನು ಕ್ರಿಸ್ಟಿಯನ್ ಯಾಂಕ್. ಅವನ ಕಸುಬು ರಂಗಭೂಮಿಗೆ ಪರದೆ ಬರೆಯುವುದು. ಒಪೆರಾದ ಹುಚ್ಚಿದ್ದ ರಾಜ ವೇದಿಕೆಯ ಮೇಲೆ ನೋಡಿದ್ದನ್ನು ಬಂಡೆಯ ಮೇಲೆ ಕಟ್ಟಿಸಿದ. ಹೊರಗಿನಿಂದ ಹಳೇ ಕಾಲದ್ದು, ಒಳಗೆ ಆವತ್ತಿನ ಹೊಸ ತಂತ್ರಜ್ಞಾನ. ಉಕ್ಕಿನ ತೊಲೆ, ಬಿಸಿಗಾಳಿಯಿಂದ ಕೋಣೆ ಬೆಚ್ಚಗಿಡುವ ವ್ಯವಸ್ಥೆ, ಎಲ್ಲ ಮಹಡಿಗೂ ಕೊಳಾಯಿ ನೀರು, ಫ್ಲಶ್ ಇರುವ ಶೌಚಾಲಯ, ಆಳುಗಳನ್ನು ಕರೆಯಲು ಬ್ಯಾಟರಿ ಗಂಟೆ. ಎಂಜಿನಿಯರ್ ಕಣ್ಣಿಗೆ ಇದು ಹಬ್ಬ.

ಇಷ್ಟಾಗಿ ರಾಜ ಅಲ್ಲಿ ಇದ್ದದ್ದು ಒಟ್ಟು 172 ದಿನ ಅಂತಾರೆ. ಸಾಲ ತಲೆಗೇರಿತ್ತು. ಮಂತ್ರಿಗಳು ಹುಚ್ಚು ಹಿಡಿದಿದೆ ಅಂತ ಡಾಕ್ಟರ್ ಕೈಲಿ ಬರೆಸಿ ಪಟ್ಟದಿಂದ ಇಳಿಸಿದರು. ಕೆಲವೇ ದಿನದಲ್ಲಿ ಸ್ಟಾರ್ನ್‌ಬರ್ಗ್ ಕೆರೆಯಲ್ಲಿ ಅವನ ಹೆಣವೂ ಸಿಕ್ಕಿತು, ಆ ಡಾಕ್ಟರ್ ಹೆಣವೂ ಸಿಕ್ಕಿತು. ಏಳು ವಾರ ಕಳೆಯುವುದರೊಳಗೆ ಅರಮನೆಗೆ ಟಿಕೆಟ್ ಇಟ್ಟು ಜನರನ್ನು ಬಿಟ್ಟರು. 2025ರಲ್ಲಿ ಅವನ ಅರಮನೆಗಳು ಯುನೆಸ್ಕೋ ಪಟ್ಟಿಗೂ ಸೇರಿದವು.

ದುರ್ಗದ_ಬಂಡೆ
ಅರಮನೆ ಅನ್ನಿ, ಒಪ್ಪುತ್ತೇನೆ. ಕೋಟೆ ನೋಡಬೇಕಾದರೆ ವೆರ್ಫೆನ್‌ಗೆ ಹೋಗಿ. ಹೋಹೆನ್‌ವೆರ್ಫೆನ್ ಕಟ್ಟಲು ಶುರು ಮಾಡಿದ್ದು 1077ರಲ್ಲಿ. ಸಾಲ್ಜ್‌ಬರ್ಗ್‌ನ ದೊಡ್ಡ ಕೋಟೆಯೂ ಅದೇ ವರ್ಷದ್ದು. ಪೋಪ್‌ಗೂ ಚಕ್ರವರ್ತಿಗೂ ಜಗಳ ಹತ್ತಿದಾಗ, ಪೋಪ್ ಕಡೆಯಿದ್ದ ಸಾಲ್ಜ್‌ಬರ್ಗ್ ಬಿಷಪ್ ಗೆಬ್‌ಹಾರ್ಡ್ ಹೆದರಿ ಕಟ್ಟಿಸಿದ್ದು ಎರಡನ್ನೂ. ಸಾಲ್ಜಾಖ್ ನದಿ ಬೆಟ್ಟಗಳ ಸಂದಿಯಲ್ಲಿ ನುಗ್ಗುವ ಜಾಗದಲ್ಲೇ ಗುಡ್ಡದ ನೆತ್ತಿಯ ಮೇಲೆ ಕೂತಿದೆ. ಯಾರು ಬಂದರೂ ಕೆಳಗಿನಿಂದಲೇ ಹಾದು ಹೋಗಬೇಕು. ಜಾಗ ಆರಿಸಿದವನಿಗೆ ಕೈ ಮುಗಿಯಬೇಕು. ಈಗಲೂ ಹೆದ್ದಾರಿ ಅದರ ಕಾಲಡಿಯಲ್ಲೇ ಹೋಗುತ್ತದೆ.

ಹೇಮಾವತಿ_ದಡ
ವೆರ್ಫೆನ್ ವಿಷಯದಲ್ಲಿ ನಿಮ್ಮ ಮಾತಿಗೆ ಪೂರ್ತಿ ಸಹಿ. ನಾವು ಒಳಗೆ ಹೋದ ಎರಡನೇ ಕೋಟೆ ಅದೇ. ಅಲ್ಲಿ ಗಿಡುಗ ಹಾರಿಸುವ ಪ್ರದರ್ಶನ ತಪ್ಪಿಸಿಕೊಳ್ಳಬೇಡಿ. ಹಕ್ಕಿ ತಲೆಯ ಮೇಲೆ ಒಂದು ಗೇಣು ಬಿಟ್ಟು ಹಾದುಹೋಗುತ್ತದೆ. ಮುಂದಿನ ಸಾಲಿನಲ್ಲಿದ್ದ ಒಬ್ಬರು ಟೋಪಿ ಹಿಡಿದುಕೊಂಡು ಬಗ್ಗಿಬಿಟ್ಟರು.

ಈಗ ಮುಂದಿನ ಭಾಗ. ಫ್ಯೂಸೆನ್‌ನಿಂದ ಲಿಂಡರ್‌ಹೋಫ್‌ಗೆ ಮ್ಯಾಪ್ ತೋರಿಸುವ ದೊಡ್ಡ ರಸ್ತೆ ಬಿಡಿ. ಆಸ್ಟ್ರಿಯಾ ಕಡೆ ಇಳಿದು ರಾಯ್ಟೆ, ಪ್ಲಾನ್‌ಜೇ ಕೆರೆ, ಅಮ್ಮರ್ ಘಾಟಿ, ಹಾಗೆ ಹೋಗಿ. ಕೆರೆಯ ಅಂಚಿಗೇ ರಸ್ತೆ. ಕಾರು ನಿಲ್ಲಿಸಿ ಕೆಳಗಿಳಿದರೆ ನೀರು. ಹೆದ್ದಾರಿ ಅಲ್ಲದ್ದರಿಂದ ಈ ದಾರಿಗೆ ಹೆದ್ದಾರಿ ಶುಲ್ಕದ ಸ್ಟಿಕ್ಕರ್ (ವಿನ್ಯೆಟ್) ಕೂಡ ಬೇಡ. ರಾಯ್ಟೆಯಲ್ಲೇ ಎಹ್ರೆನ್‌ಬರ್ಗ್ ಅನ್ನುವ ಪಾಳುಕೋಟೆ ಇದೆ, ಬಂಡೆಯವರಿಗೆ ಇಷ್ಟವಾಗಬಹುದು. ಆ ಗುಡ್ಡದಿಂದ ಎದುರಿನ ಗುಡ್ಡಕ್ಕೆ 2014ರಲ್ಲಿ ಒಂದು ತೂಗುಸೇತುವೆ ಕಟ್ಟಿದ್ದಾರೆ. ಉದ್ದ 406 ಮೀಟರ್, ಕೆಳಗಿನ ರಸ್ತೆಗೆ 114 ಮೀಟರ್. ನೆಲ ಜಾಲರಿ. ಕೆಳಗೆ ಹೋಗುವ ಲಾರಿಗಳು ಕಾಲಬೆರಳ ಸಂದಿಯಲ್ಲಿ ಕಾಣುತ್ತವೆ. ನಮ್ಮವರು ಅರ್ಧದವರೆಗೆ ಬಂದು, ಫೋನ್ ಬಂತು ಅಂತ ವಾಪಸ್ ಹೋದರು.

ಸ್ಟೇರಿಂಗ್_ಸ್ವಾಮಿ
ಫೋನ್ ಬಂದಿತ್ತು.

ಹೇಮಾವತಿ_ದಡ
ಸಿಗ್ನಲ್ ಇರಲಿಲ್ಲ ರೀ.

ಲಿಂಡರ್‌ಹೋಫ್ ಸಣ್ಣದು. ಲುಡ್ವಿಗ್ ಬದುಕಿದ್ದಾಗ ಮುಗಿದ ದೊಡ್ಡ ಅರಮನೆ ಅದೊಂದೇ. ಅಲ್ಲಿನ ಊಟದ ಮೇಜು ಅಡುಗೆಮನೆಗೆ ಇಳಿಯುತ್ತದೆ. ಕೆಳಗೆ ಬಡಿಸಿ ಮೇಲಕ್ಕೆ ಎತ್ತುತ್ತಿದ್ದರು. ಆಳುಗಳ ಮುಖವನ್ನೂ ನೋಡದೆ ಒಬ್ಬನೇ ಕೂತು ಉಣ್ಣುವ ಆಸೆ ಅವನಿಗೆ. ಗೈಡ್ ಹೇಳುತ್ತಿದ್ದರೆ ಸುತ್ತ ನಿಂತವರೆಲ್ಲ ನಗುತ್ತಿದ್ದರು, ನನಗೆ ಪಾಪ ಅನ್ನಿಸಿತು. ತೋಟದಲ್ಲಿ ಕೃತಕ ಗುಹೆ ಇದೆ, ಒಳಗೆ ಕೊಳ, ಬಣ್ಣ ಬಣ್ಣದ ದೀಪ. 1870ರ ದಶಕದಲ್ಲೇ ಡೈನಮೋ ಇಟ್ಟು ಕರೆಂಟ್ ತಯಾರಿಸಿ ಬೆಳಗಿಸುತ್ತಿದ್ದರು. ವರ್ಷಗಟ್ಟಲೆ ರಿಪೇರಿಗೆ ಅಂತ ಮುಚ್ಚಿದ್ದರು, 2025ರಲ್ಲಿ ಮತ್ತೆ ತೆರೆದಿದ್ದಾರೆ.

ಇನ್ನೊಂದು. ಸೆಪ್ಟೆಂಬರ್‌ನಲ್ಲಿ ಹೋದರೆ ಫ್ಯೂಸೆನ್ ಸುತ್ತಮುತ್ತಲ ಊರುಗಳಲ್ಲಿ ದನ ಇಳಿಸುವ ಹಬ್ಬ ಯಾವತ್ತು ಅಂತ ವಿಚಾರಿಸಿ. ಬೇಸಿಗೆ ಪೂರ್ತಿ ಮೇಲಿನ ಹುಲ್ಲುಗಾವಲಿನಲ್ಲಿ ಮೇಯ್ದ ದನಗಳನ್ನು ಚಳಿಗೆ ಮುಂಚೆ ಊರಿಗೆ ಇಳಿಸುತ್ತಾರೆ. ಅವತ್ತು ರಸ್ತೆ ದನಗಳದ್ದೇ. ಪೊಲೀಸರು ಕಾರು ನಿಲ್ಲಿಸಿಬಿಡುತ್ತಾರೆ. ಕತ್ತಿನಲ್ಲಿ ಬಿಂದಿಗೆ ಗಾತ್ರದ ಗಂಟೆ. ಸದ್ದಿಗೆ ಪಕ್ಕದವರ ಮಾತು ಕೇಳುವುದಿಲ್ಲ. ಮುಂದಿನ ಹಸುವಿಗೆ ಹೂವು, ಸೊಪ್ಪು, ಪುಟ್ಟ ಕನ್ನಡಿ ಸೇರಿಸಿ ಕಟ್ಟಿದ ದೊಡ್ಡ ಕಿರೀಟ. ಕೆಟ್ಟದ್ದು ಕನ್ನಡಿಯಲ್ಲಿ ತನ್ನ ಮುಖ ನೋಡಿ ಹೆದರಿ ಓಡಲಿ ಅಂತ. ಥೇಟ್ ನಮ್ಮ ಕಡೆ ಸಂಕ್ರಾಂತಿಯ ಕಿಚ್ಚು ಹಾಯಿಸುವ ಸಂಜೆ, ಬೆಂಕಿಯೊಂದು ಇಲ್ಲ. ಆದರೆ ಆ ಬೇಸಿಗೆ ಮೇಲೆ ಒಂದು ದನ ಸತ್ತಿದ್ದರೂ ಕಿರೀಟ ಕಟ್ಟುವುದಿಲ್ಲವಂತೆ. ನಾವು ಕಂಡ ಎರಡನೇ ಹಿಂಡಿಗೆ ಕಿರೀಟ ಇರಲಿಲ್ಲ. ಅದರ ಹಿಂದೆ ನಡೆಯುತ್ತಿದ್ದ ಹುಡುಗರೂ ಸಪ್ಪಗಿದ್ದರು.

ರೈಲು_ಪ್ರೇಮಿ
ಎಲ್ಲ ಸರಿ, ಇದಕ್ಕೆ ಕಾರು ಯಾಕೆ ಬೇಕು? ಬೇಯರ್ನ್ ಟಿಕೆಟ್ (ಬವೇರಿಯಾದ ಒಂದು ದಿನದ ರೈಲು ಪಾಸ್) ತೆಗೆದುಕೊಂಡರೆ ಮ್ಯೂನಿಕ್‌ನಿಂದ ಫ್ಯೂಸೆನ್‌ಗೂ ಹೋಗಬಹುದು, ಗಡಿ ದಾಟಿ ಸಾಲ್ಜ್‌ಬರ್ಗ್‌ಗೂ ಹೋಗಬಹುದು. ವಾರದ ದಿನಗಳಲ್ಲಿ ಬೆಳಗ್ಗೆ ಒಂಬತ್ತರ ಮೇಲೆ ಹತ್ತಬೇಕು, ಅಷ್ಟೇ. ಬ್ರೆನ್ನರ್ ಆಚೆ, ಇಟಲಿಯ ದಕ್ಷಿಣ ಟಿರೋಲ್‌ನಲ್ಲಂತೂ ಎಷ್ಟೋ ಹೋಟೆಲ್‌ಗಳು ಬಸ್ಸು ರೈಲಿಗೆ ಪುಕ್ಕಟೆ ಪಾಸ್ ಕೊಡುತ್ತವೆ. ಪಾರ್ಕಿಂಗ್ ಹುಡುಕುವ ತಲೆನೋವಿಲ್ಲ. ಗಂಡ ಹೆಂಡತಿ ಇಬ್ಬರೂ ಕಿಟಕಿಯಿಂದ ಹೊರಗೆ ನೋಡಬಹುದು. ಕಾರಿನಲ್ಲಿ ಓಡಿಸುವವರಿಗೆ ಮುಂದಿನ ಲಾರಿಯ ಹಿಂಭಾಗ ಬಿಟ್ಟರೆ ಏನು ಕಾಣುತ್ತದೆ?

ಹೇಮಾವತಿ_ದಡ
ಬರೀ ಊರುಗಳನ್ನು ನೋಡುವವರಿಗೆ ರೈಲೇ ಒಳ್ಳೆಯದು, ವಾದ ಇಲ್ಲ. ಇನ್ಸ್‌ಬ್ರುಕ್‌ನಲ್ಲಿ ನಾವೂ ಕಾರನ್ನು ಒಂದು ಕಡೆ ಬಿಟ್ಟು ಮುಟ್ಟಲೇ ಇಲ್ಲ. ಆದರೆ ಪ್ಲಾನ್‌ಜೇ ದಾರಿಗೆ ರೈಲಿಲ್ಲ. ಡೋಲೊಮೈಟ್ಸ್‌ನ ಸೆಲ್ಲಾ ಘಾಟಿಗೆ ಇಲ್ಲ, ಗ್ಲಾಕ್ನರ್‌ಗೆ ಇಲ್ಲ. ಬಸ್ಸಿದೆ, ಇಲ್ಲ ಅನ್ನಲ್ಲ. ಇಷ್ಟ ಬಂದ ತಿರುವಿನಲ್ಲಿ ಅದು ನಿಲ್ಲುವುದಿಲ್ಲ. ಕಿಟಕಿ ಸೀಟಿನ ವಿಷಯಕ್ಕೆ ಬಂದರೆ, ನಾವಿಬ್ಬರೂ ಸರದಿಯಲ್ಲಿ ಓಡಿಸಿದೆವು. ಗಾಡಿ ಬಾಡಿಗೆಗೆ ತೆಗೆದುಕೊಳ್ಳುವಾಗಲೇ ಎರಡನೇ ಡ್ರೈವರ್ ಹೆಸರು ಸೇರಿಸಿ. ಸೇರಿಸದೆ ಓಡಿಸಿ ಏನಾದರೂ ಆದರೆ ವಿಮೆ ಕೈ ಎತ್ತಿಬಿಡುತ್ತದೆ.

ಬಸವನಗುಡಿ_ಬೈಟು
ನಮಸ್ಕಾರ. ಮುಂದಿನ ವರ್ಷ ನಾನೂ ನನ್ನ ಮನೆಯವರೂ ಬೆಂಗಳೂರಿನಿಂದ ಬರುವ ಯೋಚನೆ. ಮಕ್ಕಳು ಕೆಲಸಕ್ಕೆ ಸೇರಿದ್ದಾರೆ, ಈಗ ನಮ್ಮಿಬ್ಬರದೇ ಕಾಲ. ಮೂರು ಪ್ರಶ್ನೆ. ನಮ್ಮ ಲೈಸೆನ್ಸ್ ನಡೆಯುತ್ತದಾ? ಮನೆಯವರಿಗೆ ಮಂಡಿ ನೋವು, ಮೆಟ್ಟಿಲು ಎಷ್ಟು? ವೀಸಾ ಯಾವ ದೇಶದ್ದು ಮಾಡಿಸಬೇಕು? ಮೂರು ದೇಶ ಆಗುತ್ತಲ್ಲ.

ಸ್ಟೇರಿಂಗ್_ಸ್ವಾಮಿ
ಸಾರ್, ನಮಸ್ಕಾರ. ನಿಮ್ಮ ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಳ್ಳಿ, ಒಂದು ವರ್ಷ ನಡೆಯುತ್ತದೆ. ಊರಿನ ಲೈಸೆನ್ಸ್ ಕಾರ್ಡೂ ಜೊತೆಗಿರಲಿ, ಎರಡೂ ಸೇರಿದರೇ ಲೆಕ್ಕ. ವೀಸಾ ಷೆಂಗೆನ್ ಒಂದೇ ಸಾಕು. ಯಾವ ದೇಶದಲ್ಲಿ ಜಾಸ್ತಿ ರಾತ್ರಿ ಇರುತ್ತೀರೋ ಅಲ್ಲಿಗೆ ಅರ್ಜಿ. ಸಮ ಸಮ ಆದರೆ ಮೊದಲು ಕಾಲಿಡುವ ದೇಶಕ್ಕೆ. 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಗಡಿಯಲ್ಲಿ ಗೇಟು ಇರುವುದಿಲ್ಲ, ಆದರೆ ಜರ್ಮನಿಗೆ ವಾಪಸ್ ಬರುವಾಗ ನಿಲ್ಲಿಸಿ ಕೇಳುತ್ತಾರೆ. ಪಾಸ್‌ಪೋರ್ಟ್ ಡಿಕ್ಕಿಯ ಸೂಟ್‌ಕೇಸಿನಲ್ಲಿ ಬೇಡ, ಕೈಗೆ ಸಿಗುವಂತಿರಲಿ. ಇಟಲಿಗೆ ಹೋಗುತ್ತೇವೆ ಅಂತ ಬಾಡಿಗೆಯವರಿಗೆ ಮೊದಲೇ ಹೇಳಿ. ಕೆಲವು ದುಬಾರಿ ಕಾರುಗಳನ್ನು ಅವರು ಆ ಕಡೆ ಬಿಡುವುದಿಲ್ಲ.

ಹೇಮಾವತಿ_ದಡ
ಮಂಡಿ ವಿಷಯ ನಾನು ಹೇಳುತ್ತೇನೆ ಸಾರ್. ನೊಯ್‌ಶ್ವಾನ್‌ಸ್ಟೈನ್‌ನ ಒಳಗೇ ಹತ್ತಿ ಇಳಿಯುವ ಮೆಟ್ಟಿಲು ಮುನ್ನೂರಕ್ಕೂ ಜಾಸ್ತಿ. ಕುದುರೆ ಗಾಡಿಯೂ ಬಾಗಿಲವರೆಗೆ ಹೋಗುವುದಿಲ್ಲ, ಕೊನೆಯ ಏರು ನಡೆಯಲೇಬೇಕು. ಅಮ್ಮನವರಿಗೆ ಕಷ್ಟ ಅನ್ನಿಸಿದರೆ ಒಳಗೆ ಹೋಗುವುದನ್ನು ಬಿಟ್ಟು ಬಸ್ಸಿನಲ್ಲಿ ಮೇಲೆ ಹೋಗಿ ಸೇತುವೆಯಿಂದ ನೋಡಿ. ಏನೂ ಕಳೆದುಕೊಳ್ಳುವುದಿಲ್ಲ. ಸಾಲ್ಜ್‌ಬರ್ಗ್ ಕೋಟೆಗೆ 1892ರಿಂದ ಹಗ್ಗದ ರೈಲು ಇದೆ, ಕೂತರೆ ಮೇಲೆ. ವೆರ್ಫೆನ್‌ನಲ್ಲೂ ಲಿಫ್ಟ್ ಇದೆ.

ಮಜ್ಜಿಗೆ_ಹುಳಿ
ಊಟದ ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ! ನಾವು ಶುದ್ಧ ಸಸ್ಯಾಹಾರಿಗಳು. ಬರೀ ಬ್ರೆಡ್ಡು, ಆಲೂಗಡ್ಡೆನಾ ಗತಿ?

ಹೇಮಾವತಿ_ದಡ
ಇಲ್ಲ, ಅಷ್ಟು ಕೆಟ್ಟದಿಲ್ಲ. ಆದರೆ ಕೇಳಿ ತಿನ್ನಬೇಕು. ಕ್ನೋಡೆಲ್ ಅಂತ ಬ್ರೆಡ್ಡಿನ ಉಂಡೆ ಎಲ್ಲ ಕಡೆ ಸಿಗುತ್ತದೆ. ಪಾಲಕ್ ಹಾಕಿದ್ದು ಸ್ಪಿನಾಟ್‌ಕ್ನೋಡೆಲ್. ಬೆಣ್ಣೆ ಕಾಯಿಸಿ ಮೇಲೆ ಸುರಿದು, ಚೀಸ್ ತುರಿದು ಕೊಡುತ್ತಾರೆ. ಬ್ರಿಕ್ಸೆನ್‌ನಲ್ಲಿ ತಿಂದದ್ದು ಈಗಲೂ ನೆನಪಾಗುತ್ತದೆ. ಸ್ಪೆಕ್ ಅಂತ ಬರೆದಿದ್ದರೆ ಹಂದಿ, ಮುಟ್ಟಬೇಡಿ. ಸೂಪಿನಲ್ಲಿ ತೇಲುವ ಉಂಡೆಯೂ ಬೇಡ. ಆ ತಿಳಿ ಸಾಮಾನ್ಯವಾಗಿ ದನದ ಎಲುಬಿನದು, ಮೆನುವಿನಲ್ಲಿ ಬರೆದಿರುವುದಿಲ್ಲ. ಕೇಸೆಶ್ಪೆಟ್ಸ್ಲೆ ಅಂದರೆ ಚೀಸಿನಲ್ಲಿ ಕಲಸಿದ ಗಿಡ್ಡ ಶಾವಿಗೆ, ಮೇಲೆ ಕೆಂಪಗೆ ಹುರಿದ ಈರುಳ್ಳಿ. ಹೊಟ್ಟೆ ಗಟ್ಟಿ ತುಂಬುತ್ತದೆ. ಇವುಗಳಲ್ಲೆಲ್ಲ ಮೊಟ್ಟೆ ಇರುತ್ತದೆ. ಮೊಟ್ಟೆಯೂ ಬೇಡ ಅನ್ನುವವರು ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯುವುದು ವಾಸಿ.

ಭಾನುವಾರ ಜರ್ಮನಿ, ಆಸ್ಟ್ರಿಯಾ ಎರಡರಲ್ಲೂ ದಿನಸಿ ಅಂಗಡಿ ಬಂದ್. ಶನಿವಾರವೇ ಮೊಸರು, ತರಕಾರಿ ತಂದಿಟ್ಟುಕೊಳ್ಳಿ. ಹಳ್ಳಿಯ ಹೋಟೆಲ್‌ಗಳು ಮಧ್ಯಾಹ್ನ ಎರಡಕ್ಕೆ ಒಲೆ ಆರಿಸಿದರೆ ಸಂಜೆಯವರೆಗೆ ಬರೀ ಕೇಕು, ಕಾಫಿ. ಊರಿನಿಂದ ಚಟ್ನಿಪುಡಿ, ಅವಲಕ್ಕಿ ತನ್ನಿ. ತುಪ್ಪ, ಪೇಡ ತರಬೇಡಿ. ಹೊರದೇಶದಿಂದ ಹಾಲಿನ ಪದಾರ್ಥ, ಮಾಂಸ ತರುವುದಕ್ಕೆ ಯುರೋಪಿಯನ್ ಒಕ್ಕೂಟದಲ್ಲಿ ನಿಷೇಧ ಇದೆ.

ಮಜ್ಜಿಗೆ_ಹುಳಿ
ಪೇಡ ಇಲ್ಲದೆ ನಮ್ಮತ್ತೆ ಯಾರನ್ನೂ ಮನೆಯಿಂದ ಹೊರಗೇ ಕಳಿಸಲ್ಲ 😄

ಜ್ಯೂರಿಕ್_ಜಯನಗರ
ಟೋಲ್ ವಿಷಯ ಬಿಟ್ಟುಹೋಗಿದೆ, ಸೇರಿಸುತ್ತೇನೆ. ಆಸ್ಟ್ರಿಯಾದ ಹೆದ್ದಾರಿಗೆ ವಿನ್ಯೆಟ್ ಕಡ್ಡಾಯ. ಅಲ್ಪಾವಧಿಯದ್ದೂ ಸಿಗುತ್ತದೆ. ಆದರೆ ಇನ್ಸ್‌ಬ್ರುಕ್‌ನಿಂದ ಬ್ರೆನ್ನರ್‌ಗೆ ಹೋಗುವ ಹೆದ್ದಾರಿಗೆ ಅದು ಸಾಲದು, ಬೇರೆ ಟೋಲ್ ಕಟ್ಟಬೇಕು. ಗ್ಲಾಕ್ನರ್ ರಸ್ತೆಗೂ ಬೇರೆ. ಇಟಲಿಯಲ್ಲಿ ಗೇಟಿನಲ್ಲಿ ಚೀಟಿ ತೆಗೆದುಕೊಂಡು ಇಳಿಯುವಾಗ ದುಡ್ಡು ಕೊಡುವ ಪದ್ಧತಿ. ಸ್ವಿಟ್ಜರ್ಲೆಂಡ್‌ಗೆ ಬಂದರೆ ಒಂದು ದಿನಕ್ಕಾದರೂ ಅಷ್ಟೇ, ವರ್ಷಕ್ಕಾದರೂ ಅಷ್ಟೇ, 40 ಫ್ರಾಂಕ್.

ಬ್ರೆನ್ನರ್ ಹೆದ್ದಾರಿಯ ಲುಯೆಗ್ ಸೇತುವೆಯಲ್ಲಿ ಕೆಲಸ ನಡೆಯುತ್ತಿದೆ. 2025ರಿಂದ ಹೆಚ್ಚಿನ ದಿನ ಒಂದೊಂದೇ ಲೇನ್. ಶನಿವಾರ ಬೆಳಗ್ಗೆ ಅಲ್ಲಿಗೆ ಹೋಗುವ ಸಾಹಸ ಬೇಡ.

ಕೊಡೆ_ಮರೆತವನು
ಇಟಲಿಯ ಹಳೇ ಊರುಗಳಲ್ಲಿ ಇನ್ನೊಂದು ಬಲೆ ಇದೆ. ಊರಿನ ನಡುಭಾಗಕ್ಕೆ ಹೊರಗಿನ ಕಾರು ಬಿಡುವುದಿಲ್ಲ. ಗೇಟೂ ಇಲ್ಲ, ಪೊಲೀಸರೂ ಇಲ್ಲ, ಕೆಂಪು ಉಂಗುರದ ಬೋರ್ಡು ಮತ್ತು ಕ್ಯಾಮೆರಾ ಅಷ್ಟೇ. ಮ್ಯಾಪ್ ಹೇಳಿತು ಅಂತ ನನ್ನ ತಮ್ಮ ಒಂದು ಊರಿನಲ್ಲಿ ನುಗ್ಗಿದ. ದಾರಿ ಸಿಗದೆ ಸುತ್ತಿ ಮತ್ತೆ ಅದೇ ಕ್ಯಾಮೆರಾ ಮುಂದೆ ಬಂದ. ಎರಡು ದಂಡ! ಬಾಡಿಗೆ ಕಂಪನಿಯವರು ಅವನ ವಿಳಾಸ ಕೊಟ್ಟದ್ದಕ್ಕೇ ಮೊದಲು ಒಂದಿಷ್ಟು ದುಡ್ಡು ಕಿತ್ತುಕೊಂಡರು. ಎಷ್ಟೋ ತಿಂಗಳ ಮೇಲೆ ಅಸಲಿ ದಂಡದ ಕಾಗದ ಮೈಸೂರಿಗೇ ಬಂತು. ಅಷ್ಟೊತ್ತಿಗೆ ಅವನಿಗೆ ಟ್ರಿಪ್ಪೇ ಮರೆತುಹೋಗಿತ್ತು.

ಹೇಮಾವತಿ_ದಡ
ಇದನ್ನು ಬರೆದು ಒಳ್ಳೆಯದು ಮಾಡಿದಿರಿ. ಕೋಟೆಗೋಡೆ ಕಂಡ ತಕ್ಷಣ ಹೊರಗೇ ಪಾರ್ಕ್ ಮಾಡಿ. ಈ ಊರುಗಳು ನಡೆದು ಮುಗಿಸುವಷ್ಟೇ ದೊಡ್ಡವು.

ಇಟಲಿ ಕಡೆಯ ಕಥೆ ಹೇಳಲೇಬೇಕು, ನನಗೆ ಪ್ರವಾಸದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಅದೇ. ಬ್ರೆನ್ನರ್ 1,370 ಮೀಟರ್, ದಾಟಿದ್ದೇ ಗೊತ್ತಾಗುವುದಿಲ್ಲ. ಇಟಲಿಗೆ ಬಂದೆವು ಅಂದುಕೊಂಡರೆ ಜನ ಮಾತಾಡುವುದು ಜರ್ಮನ್. ಊರಿನ ಬೋರ್ಡಿನಲ್ಲಿ ಎರಡು ಹೆಸರು. ಸ್ಟರ್ಟ್ಸಿಂಗ್ ಅಂತಲೂ ವಿಪಿಟೆನೊ ಅಂತಲೂ. ಬ್ರಿಕ್ಸೆನ್, ಬ್ರೆಸ್ಸನೋನೆ. ಗಾರ್ಡೆನಾ ಕಣಿವೆಗೆ ಹೋದರೆ ಮೂರು, ಅಲ್ಲಿ ಲಡಿನ್ ಅನ್ನುವ ಮೂರನೇ ಭಾಷೆ. ಮೊದಲನೇ ಮಹಾಯುದ್ಧದವರೆಗೆ ಇದು ಆಸ್ಟ್ರಿಯಾದ ಟಿರೋಲ್. 1919ರ ಒಪ್ಪಂದದಲ್ಲಿ ಇಟಲಿಗೆ ಹೋಯಿತು. ಮುಸೊಲಿನಿ ಕಾಲದಲ್ಲಿ ಜರ್ಮನ್ ಶಾಲೆ ಮುಚ್ಚಿಸಿ, ಊರುಗಳಿಗೆಲ್ಲ ಇಟಾಲಿಯನ್ ಹೆಸರೇ ಇರಬೇಕು ಅಂದರು. ಜನ ಮನೆಗಳಲ್ಲಿ, ಕೊಟ್ಟಿಗೆಗಳಲ್ಲಿ ಕದ್ದುಮುಚ್ಚಿ ಮಕ್ಕಳಿಗೆ ಜರ್ಮನ್ ಕಲಿಸಿದರು. ಯುದ್ಧ ಮುಗಿದ ಮೇಲೂ ಜಗಳ ಎಳೆದಾಡಿ, 1972ರ ಸ್ವಾಯತ್ತತೆ ಬಂದ ಮೇಲೆ ಮೆಲ್ಲಗೆ ತಣ್ಣಗಾಯಿತು. ಈಗ ಅಲ್ಲಿ ಸರ್ಕಾರಿ ಕೆಲಸ ಬೇಕಾದರೆ ಎರಡೂ ಭಾಷೆಯ ಪರೀಕ್ಷೆ ಪಾಸಾಗಬೇಕು.

ಸ್ಟರ್ಟ್ಸಿಂಗ್‌ನಲ್ಲಿ ಒಂದು ಬೇಕರಿ. ಮುಂದಿದ್ದ ಅಜ್ಜಿಗೆ ಅಂಗಡಿ ಹುಡುಗಿ ಜರ್ಮನ್‌ನಲ್ಲಿ ಚಿಲ್ಲರೆ ಎಣಿಸಿ ಕೊಟ್ಟಳು. ನಮ್ಮ ಹಿಂದೆ ಬಂದ ಲಾರಿ ಡ್ರೈವರ್ ಜೊತೆ ಅದೇ ಉಸಿರಿನಲ್ಲಿ ಇಟಾಲಿಯನ್‌ನಲ್ಲಿ ಜಗಳ. ನಮ್ಮನ್ನು ನೋಡಿ ಇಂಗ್ಲಿಷಿಗೆ ಹೊರಳಿದಳು.

ಗಡಿನಾಡ_ಹುಡುಗ
ಅಕ್ಕಾ, ಇದನ್ನು ಓದಿ ಸುಮ್ಮನಿರಲು ಆಗಲಿಲ್ಲ. ನಾನು ಕಾಸರಗೋಡಿನವನು. 1956ರಲ್ಲಿ ನಮ್ಮೂರು ಕೇರಳಕ್ಕೆ ಸೇರಿತು. ಅಜ್ಜ ಓದಿದ್ದು ಕನ್ನಡ ಶಾಲೆ, ನಾನೂ ಕನ್ನಡ ಶಾಲೆ. ಆದರೆ ಕನ್ನಡ ಗೊತ್ತಿಲ್ಲದ ಮಾಸ್ತರರು ಕ್ಲಾಸಿಗೆ ಬಂದು ನಿಂತದ್ದನ್ನೂ ನೋಡಿದ್ದೇನೆ. ಎರಡೂ ಭಾಷೆ ಬಂದರೆ ಮಾತ್ರ ಕೆಲಸ ಅಂತ ಆ ಕಡೆಯವರು ಕಾನೂನನ್ನೇ ಮಾಡಿದ್ದಾರಲ್ಲ, ಅದು ನಮಗೂ ಸಿಕ್ಕಿದ್ದರೆ ಅನ್ನಿಸಿತು.

ಕೊಡೆ_ಮರೆತವನು
ಬೆಳಗಾವಿಯವರು ಬರುವ ಮುಂಚೆ ಯಾರಾದರೂ ಬೆಟ್ಟದ ಮಾತಿಗೆ ವಾಪಸ್ ಬನ್ನಿ ಸ್ವಾಮಿ 🙏

ಗಡಿನಾಡ_ಹುಡುಗ
ಹ್ಹಹ್ಹ, ಆಯ್ತು. ಬೋಲ್ಜಾನೊದಲ್ಲಿ ಮಂಜಿನ ಮನುಷ್ಯನನ್ನು ನೋಡಿದಿರಾ?

ಹೇಮಾವತಿ_ದಡ
ನೋಡಿದೆವು. ಓಟ್ಸಿ ಅಂತ ಹೆಸರಿಟ್ಟಿದ್ದಾರೆ. 1991ರ ಸೆಪ್ಟೆಂಬರ್‌ನಲ್ಲಿ ಅವನನ್ನು ಕಂಡದ್ದು ಕೂಡ ಒಂದು ಜೋಡಿಯೇ. ನ್ಯೂರೆಂಬರ್ಗ್‌ನ ಹೆಲ್ಮುಟ್ ಮತ್ತು ಎರಿಕಾ ಸಿಮೋನ್, ಬೆಟ್ಟ ಹತ್ತಲು ಹೋದ ಗಂಡ ಹೆಂಡತಿ. 3,210 ಮೀಟರ್ ಎತ್ತರದಲ್ಲಿ ದಾರಿ ಬಿಟ್ಟು ಸ್ವಲ್ಪ ಪಕ್ಕಕ್ಕೆ ಹೋದರು. ಕರಗಿದ ಮಂಜಿನಿಂದ ಒಂದು ಬೆನ್ನು ಹೊರಗೆ ಕಾಣುತ್ತಿತ್ತು. ಇತ್ತೀಚೆಗೆ ಸತ್ತ ಯಾರೋ ಚಾರಣಿಗ ಅಂದುಕೊಂಡರಂತೆ. ಆಮೇಲೆ ನೋಡಿದರೆ 5,300 ವರ್ಷ ಹಿಂದಿನವನು. ಶವವನ್ನು ಇನ್ಸ್‌ಬ್ರುಕ್‌ಗೆ ಒಯ್ದರು. ಗಡಿ ಅಳೆದಾಗ ಸಿಕ್ಕ ಜಾಗ ಇಟಲಿಯೊಳಗೆ ನೂರು ಮೀಟರೂ ಇಲ್ಲ. ಹಾಗಾಗಿ ಕೊನೆಗೆ ಬೋಲ್ಜಾನೊಗೆ ಬಂದ. ಎಡ ಹೆಗಲಲ್ಲಿ ಬಾಣದ ಮೊನೆ ಇದೆ ಅಂತ 2001ರಲ್ಲಿ ಗೊತ್ತಾಯಿತು. ಕೊಲೆ!

ಮೈನಸ್ 6 ಡಿಗ್ರಿಯ ಕೋಣೆಯಲ್ಲಿ ಮಲಗಿಸಿದ್ದಾರೆ. ಗೋಡೆಯಲ್ಲಿ ಒಂದು ಪುಟ್ಟ ಕಿಟಕಿ, ಒಬ್ಬೊಬ್ಬರೇ ಬಗ್ಗಿ ನೋಡಬೇಕು. ಮೈ ಮೇಲೆ ನೀರಿನ ತೆಳು ಪದರ ಹೆಪ್ಪುಗಟ್ಟಿ ಹೊಳೆಯುತ್ತದೆ. ನನ್ನ ಹಿಂದೆ ನಿಂತಿದ್ದ ಮಗು ಅಷ್ಟು ಹೊತ್ತು ಕಿರುಚುತ್ತಿದ್ದದ್ದು ಸುಮ್ಮನಾಗಿಬಿಟ್ಟಿತು. ಅವನ ಬಟ್ಟೆ, ತಾಮ್ರದ ಕೊಡಲಿ, ಹುಲ್ಲು ತುರುಕಿದ ಪಾದರಕ್ಷೆ ಎಲ್ಲ ಪಕ್ಕದಲ್ಲಿವೆ.

ಬಂಡೆಯವರೇ, ಬೋಲ್ಜಾನೊ ಹೊರಗೆ ರುಂಕೆಲ್‌ಸ್ಟೈನ್ ಅಂತ ಒಂದು ನಿಜವಾದ ಹಳೇ ಕೋಟೆ. ಗೋಡೆ ತುಂಬಾ 1400ರ ಸುಮಾರಿನ ಚಿತ್ರ. ದೇವರ ಚಿತ್ರ ಅಲ್ಲ. ಚೆಂಡಾಡುವವರು, ಕುಣಿಯುವವರು, ಬೇಟೆ. ನಾವು ಹೋದಾಗ ಇಡೀ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು.

ದುರ್ಗದ_ಬಂಡೆ
ಬರೆದಿಟ್ಟುಕೊಂಡೆ ಅಕ್ಕಾ. ಆಸ್ಟ್ರಿಯಾದ ಹಾಲ್‌ಸ್ಟಾಟ್ ಯಾಕೆ ಬಿಟ್ಟಿರಿ?

ಹೇಮಾವತಿ_ದಡ
ಎಂಟುನೂರು ಜನವೂ ಇಲ್ಲದ ಊರು. ಬಸ್ಸುಗಟ್ಟಲೆ ಜನ ಬಂದು ಯಾರದೋ ಮನೆಯ ಕಿಟಕಿ ಮುಂದೆ ಫೋಟೋ ತೆಗೆಯುವುದು ನನಗೆ ಹಿಡಿಸುವುದಿಲ್ಲ.

ಜ್ಯೂರಿಕ್_ಜಯನಗರ
ಹಗಲು ಹೋದರೆ ಹಾಗೇ. ಅಲ್ಲೇ ರಾತ್ರಿ ಉಳಿದು ನೋಡಿ. ಸಂಜೆ ಕೊನೆಯ ಬಸ್ಸು ಹೋದ ಮೇಲೆ ಊರು ಬೇರೆಯೇ. ಅಲ್ಲಿನ ಬೆಟ್ಟದಲ್ಲಿ ಏಳು ಸಾವಿರ ವರ್ಷದಿಂದ ಉಪ್ಪು ತೆಗೆಯುತ್ತಿದ್ದಾರೆ. ಚರ್ಚಿನ ಪಕ್ಕ ಎಲುಬಿನ ಮನೆ ಇದೆ. ಬೆಟ್ಟಕ್ಕೂ ಕೆರೆಗೂ ನಡುವೆ ಹೂಳಲು ಜಾಗವಿಲ್ಲ. ಹಾಗಾಗಿ ಹಳೇ ಗೋರಿ ಅಗೆದು, ಬುರುಡೆ ತೊಳೆದು ಬಿಸಿಲಿಗಿಟ್ಟು, ಹೂವು ಎಲೆ ಹೆಸರು ಬರೆದು ಜೋಡಿಸುತ್ತಿದ್ದರು. ಬಣ್ಣ ಬರೆದವೇ ಆರುನೂರಕ್ಕೂ ಜಾಸ್ತಿ. ಇದನ್ನು ಬಿಟ್ಟು ಬಂದಿರಲ್ಲ ಅಂತ ನನ್ನ ತಕರಾರು.

ಹೇಮಾವತಿ_ದಡ
ಹಾಗಾದರೆ ಒಪ್ಪಿದೆ. ಚಳಿಗಾಲದಲ್ಲಿ ಒಂದು ರಾತ್ರಿ ಉಳಿಯಲು ಹೋಗುತ್ತೇವೆ.

ಬಸವನಗುಡಿ_ಬೈಟು
ಗ್ರೋಸ್‌ಗ್ಲಾಕ್ನರ್ ರಸ್ತೆ ಓಡಿಸಲು ಭಯ ಆಗುತ್ತದಾ? ನಾನು ಚಾರ್ಮಾಡಿ, ಆಗುಂಬೆ ಎಷ್ಟೋ ಸಲ ಓಡಿಸಿದ್ದೇನೆ. ಆದರೆ ಬಲಗಡೆ ಓಡಿಸಿ ಅಭ್ಯಾಸ ಇಲ್ಲ.

ಸ್ಟೇರಿಂಗ್_ಸ್ವಾಮಿ
ಸಾರ್, ಆಗುಂಬೆ ಓಡಿಸಿದವರಿಗೆ ಇದು ರಾಜಮಾರ್ಗ. ಅಗಲವಾಗಿದೆ, ಎದುರಿಗೆ ಮರಳು ಲಾರಿ ನುಗ್ಗಿ ಬರುವುದಿಲ್ಲ. 48 ಕಿ.ಮೀ., 36 ಹೇರ್‌ಪಿನ್ ತಿರುವು. ಪ್ರತಿ ತಿರುವಿಗೂ ನಂಬರ್ ಹಾಕಿದ್ದಾರೆ. ಹೋಕ್‌ಟೋರ್ ಸುರಂಗದ ಹತ್ತಿರ 2,504 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ. 1930ರಿಂದ ಐದು ವರ್ಷ ಕಟ್ಟಿದ್ದು, ಎಂಜಿನಿಯರ್ ಫ್ರಾನ್ಸ್ ವಾಲಾಕ್. ದೇಶದಲ್ಲಿ ಕೆಲಸವಿಲ್ಲದ ಕಾಲ, ಸಾವಿರಾರು ಜನಕ್ಕೆ ಈ ರಸ್ತೆ ಕೂಲಿ ಕೊಟ್ಟಿತು. ಟೋಲ್ ಕಾರಿಗೆ 40 ಯೂರೋಗಿಂತ ಜಾಸ್ತಿ, ಕೇಳಿದಾಗ ಎದೆ ಧಸಕ್ ಅನ್ನುತ್ತದೆ. ಆದರೆ ಇಡೀ ದಿನ ಮೇಲೆ ಕೆಳಗೆ ಓಡಾಡಬಹುದು. ರಾತ್ರಿ ಗೇಟು ಮುಚ್ಚುತ್ತಾರೆ. ಸಾಮಾನ್ಯವಾಗಿ ಮೇ ಮೊದಲ ವಾರದಿಂದ ನವೆಂಬರ್ ಮೊದಲ ವಾರದವರೆಗೆ ತೆರೆದಿರುತ್ತದೆ. ನಡುವೆ ಹಿಮ ಬಿದ್ದು ಬಂದ್ ಆದರೆ ಲಿಯೆಂಟ್ಸ್‌ನಿಂದ ಫೆಲ್ಬರ್‌ಟೌವರ್ನ್ ಸುರಂಗದ ದಾರಿ ಇದೆ, ಅದಕ್ಕೂ ಟೋಲ್.

ಭಯ ಬೇಕಾದದ್ದು ಹತ್ತುವಾಗ ಅಲ್ಲ, ಇಳಿಯುವಾಗ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದ ಒಂದು ಕಾರು ಮೂರನೇ ನಿಲುಗಡೆಯಲ್ಲಿ ಚಕ್ರದಿಂದ ಹೊಗೆ ಬಿಡುತ್ತಾ ನಿಂತಿತ್ತು. ಸುಟ್ಟ ರಬ್ಬರಿನ ವಾಸನೆ ನಮ್ಮ ಕಾರಿನೊಳಗೂ ಬಂತು. ಪಾಪ, ಅವರು ನೀರು ಸುರಿಯಲು ಬಾಟಲಿ ತೆಗೆದರು. ಪಕ್ಕದ ಬೈಕಿನವರು ಓಡಿಬಂದು ತಡೆದರು. ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಎರಡನೇ ಗೇರಿನಲ್ಲಿ ಇಳಿಯಿರಿ. ಆಟೊಮ್ಯಾಟಿಕ್ ಆದರೆ ಕೈಯಿಂದ ಗೇರ್ ಹಾಕುವ ಮೋಡಿಗೆ ತನ್ನಿ.

ಹೇಮಾವತಿ_ದಡ
ಅಲ್ಲಿ ಫ್ರಾನ್ಸ್ ಜೋಸೆಫ್ ಎತ್ತರ ಅನ್ನುವ ಕೊನೆಯ ನಿಲುಗಡೆಗೆ ತಪ್ಪದೆ ಹೋಗಿ ಸಾರ್. ಆಸ್ಟ್ರಿಯಾದ ಚಕ್ರವರ್ತಿ ಫ್ರಾನ್ಸ್ ಜೋಸೆಫ್ 1856ರಲ್ಲಿ ಬಂದಿದ್ದ ಜಾಗ. ಎದುರಿಗೆ 3,798 ಮೀಟರ್ ಗ್ರೋಸ್‌ಗ್ಲಾಕ್ನರ್, ಕೆಳಗೆ ಪಾಸ್ಟೆರ್ಟ್ಸೆ ಹಿಮನದಿ. 1963ರಲ್ಲಿ ಹಿಮದ ಅಂಚಿಗೆ ಇಳಿಸಲು ಅಂತ ಹಗ್ಗದ ರೈಲು ಕಟ್ಟಿದರು. ಈಗ ಅದರ ಕೆಳಗಿನ ನಿಲ್ದಾಣದಿಂದಲೂ ಹಿಮ ತುಂಬಾ ಕೆಳಗೆ ಹೋಗಿದೆ. ಕೆಳಗೆ ಬೂದು ಕಲ್ಲು, ಮಣ್ಣು, ಒಂದು ಕೆಸರು ಕೆರೆ. ಫೋಟೋದಲ್ಲಿ ಇದು ಯಾರಿಗೂ ಬೇಡವಾದ ಭಾಗ. ನಾವು ಅಲ್ಲಿ ಕೂತಷ್ಟು ಹೊತ್ತು ಬೇರೆಲ್ಲೂ ಕೂರಲಿಲ್ಲ.

ಜ್ಯೂರಿಕ್_ಜಯನಗರ
ಸ್ಟೇರಿಂಗ್ ಸ್ವಾಮಿಗಳೇ, ಬೋಲ್ಜಾನೊವರೆಗೆ ಬಂದು ಸ್ಟೆಲ್ವಿಯೊ ಘಾಟಿ ಬಿಟ್ಟಿರಾ? 2,757 ಮೀಟರ್, ಪ್ರಾಡ್ ಕಡೆಯಿಂದ 48 ಹೇರ್‌ಪಿನ್. ಇನ್ನೂರು ವರ್ಷದ ಹಿಂದಿನ ರಸ್ತೆ.

ಸ್ಟೇರಿಂಗ್_ಸ್ವಾಮಿ
ಈ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಎತ್ತಬೇಡಿ.

ಹೇಮಾವತಿ_ದಡ
ಸೆಲ್ಲಾ, ಪೊರ್ಡೋಯಿ ಎರಡು ಘಾಟಿ ಆದ ಮೇಲೆ ನನ್ನ ಹೊಟ್ಟೆ ಬೇಡ ಅಂದಿತು. ಅಷ್ಟೇ ವಿಷಯ. ಅವರು ಬೈಕಿನವರ ಜೊತೆ ಹೋಗಲಿ.

ಡೋಲೊಮೈಟ್ಸ್‌ನ ಬ್ರಾಯೆಸ್ ಕೆರೆ ಬಗ್ಗೆ ಇಬ್ಬರು ಮೆಸೇಜ್ ಮಾಡಿ ಕೇಳಿದ್ದಾರೆ. ಜುಲೈನಿಂದ ಸೆಪ್ಟೆಂಬರ್ ಮೊದಲ ಭಾಗದವರೆಗೆ ಹಗಲು ಕಾರಿಗೆ ಮುಂಗಡ ಬುಕಿಂಗ್ ಇಲ್ಲದೆ ಆ ಕಣಿವೆಗೆ ಬಿಡುವುದಿಲ್ಲ. ಬೆಳಗ್ಗೆ ಒಂಬತ್ತರೊಳಗೆ ಹೋದರೆ ತೊಂದರೆಯಿಲ್ಲ.

ಬಸವನಗುಡಿ_ಬೈಟು
ಎಲ್ಲರಿಗೂ ಧನ್ಯವಾದ. ಮನೆಯವರ ಜೊತೆ ಕೂತು ಓದಿದೆ. ನೊಯ್‌ಶ್ವಾನ್‌ಸ್ಟೈನ್ ಹೊರಗಿನಿಂದ, ವೆರ್ಫೆನ್ ಒಳಗೆ, ಬ್ರಿಕ್ಸೆನ್‌ನಲ್ಲಿ ನಾಲ್ಕು ರಾತ್ರಿ ಒಂದೇ ಕಡೆ ಅಂತ ತೀರ್ಮಾನ. ಸೆಪ್ಟೆಂಬರ್ ಎರಡನೇ ವಾರ, ದನದ ಹಬ್ಬ ಸಿಗಲಿ ಅಂತ. ಕೊನೆಯದಾಗಿ, ಗೇರ್ ಗಾಡಿನಾ, ಆಟೊಮ್ಯಾಟಿಕ್ಕಾ? ದುಡ್ಡಿನ ವ್ಯತ್ಯಾಸ ಜಾಸ್ತಿ ಇದೆ.

ಸ್ಟೇರಿಂಗ್_ಸ್ವಾಮಿ
ಆಟೊಮ್ಯಾಟಿಕ್ ತೆಗೆದುಕೊಳ್ಳಿ ಸಾರ್, ದುಡ್ಡು ಹೋದರೆ ಹೋಗಲಿ. ಗೇರ್ ಗಾಡಿಯಲ್ಲಿ ಬಲಗೈಯಲ್ಲಿ ಗೇರ್ ಹಾಕಬೇಕು. ಮೊದಲ ದಿನ ಎಡಗೈ ತಾನಾಗೇ ಬಾಗಿಲಿನ ಹಿಡಿ ಹುಡುಕುತ್ತದೆ. ಮತ್ತೆ, ವಿಮಾನ ಇಳಿದ ದಿನವೇ ಗಾಡಿ ತೆಗೆದುಕೊಳ್ಳಬೇಡಿ. ಒಂದು ರಾತ್ರಿ ಮ್ಯೂನಿಕ್‌ನಲ್ಲಿ ನಿದ್ದೆ ಮಾಡಿ, ಮಾರನೇ ದಿನ ಹೊರಡಿ. ಬೋರ್ಡಿಲ್ಲದ ಸಣ್ಣ ಕೂಡುರಸ್ತೆಗಳಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲು ದಾರಿ ಬಿಡಬೇಕು, ಸಣ್ಣ ಓಣಿಯಿಂದ ಬಂದರೂ ಸರಿ. ನಮ್ಮವರು ಅಲ್ಲಿ ಎಡವುವುದೇ ಜಾಸ್ತಿ. ತಾರೀಖು ಗೊತ್ತಾದರೆ ಇಲ್ಲೇ ಹಾಕಿ, ಹೊರಡುವ ಮುಂಚೆ ಮನೆಗೆ ಕಾಫಿಗೆ ಬನ್ನಿ.

ಮಜ್ಜಿಗೆ_ಹುಳಿ
ಪೇಡ ಮಾತ್ರ ತರಬೇಡಿ ಸಾರ್.